ಏರಿನಲ್ಲಿ ಎಂಜಿನ್ ಸಪ್ಪೆಯಾಗುವುದೇಕೆ? ಟ್ರಾಕ್ಷನ್ ಕಂಟ್ರೋಲ್ ಒಳಗೆ ನಡೆಯುವುದೇನು?

ಪ್ರಶ್ನೆ: ಮಳೆ ಬಂದಾಗ ಏರು ರಸ್ತೆಯಲ್ಲಿ ನಿಂತ ಕಾರನ್ನು ಹೊರಡಿಸಲು ಆಕ್ಸಿಲರೇಟರ್ ಒತ್ತಿದರೆ ಎಂಜಿನ್ ಒಮ್ಮೆಲೇ ಸಪ್ಪೆಯಾಗುತ್ತದೆ. ಡ್ಯಾಶ್‌ಬೋರ್ಡ್‌ನಲ್ಲಿ ಜಾರುವ ಕಾರಿನ ಚಿತ್ರವಿರುವ ಹಳದಿ ದೀಪ ಮಿನುಗುತ್ತದೆ. ಬಾನೆಟ್ ಕಡೆಯಿಂದ ಗರಗರ ಸದ್ದು ಬರುತ್ತದೆ. ಅದು ಟ್ರಾಕ್ಷನ್ ಕಂಟ್ರೋಲ್ ಎಂದು ಗೊತ್ತಾಯಿತು. ಗೆಳೆಯರೊಬ್ಬರು "ಅದನ್ನು ಆಫ್ ಮಾಡಿಬಿಡಿ, ಪಿಕಪ್ ಚೆನ್ನಾಗಿ ಬರುತ್ತೆ" ಅನ್ನುತ್ತಾರೆ. ಅದು ನಿಜವಾಗಿ ಏನು ಮಾಡುತ್ತದೆ? ಎಬಿಎಸ್ ಇದ್ದಮೇಲೆ ಇದೂ ಯಾಕೆ ಬೇಕು? ಆಫ್ ಮಾಡಿದರೆ ತಪ್ಪೇನು?

ಉತ್ತರ: ಮೊದಲು ಒಂದು ಮಾತು. ನಿಮ್ಮ ಕಾರಿಗೆ ಏನೂ ಆಗಿಲ್ಲ. ನೀವು ಹೇಳಿದ ಮೂರೂ ಲಕ್ಷಣಗಳು ಆ ವ್ಯವಸ್ಥೆ ಸರಿಯಾಗಿ ಕೆಲಸ ಮಾಡುತ್ತಿದೆ ಎಂಬುದಕ್ಕೆ ಗುರುತು. ಎಂಜಿನ್ ಸಪ್ಪೆಯಾದಾಗ ಕಾರಿನ ಶಕ್ತಿ ಕಮ್ಮಿಯಾಯಿತು ಅನಿಸುವುದು ಸಹಜ. ಆದರೆ ಕಡಿಮೆಯಾದದ್ದು ರಸ್ತೆಗೆ ಹೇಗೂ ತಲುಪದೇ ಹೋಗುತ್ತಿದ್ದ ಶಕ್ತಿ ಮಾತ್ರ. ಇದು ಹೇಗೆ ಎಂದು ಲೆಕ್ಕ ಹಾಕಿ ನೋಡಿದರೆ ನಿಮ್ಮ ಬಾಕಿ ಪ್ರಶ್ನೆಗಳಿಗೂ ಉತ್ತರ ಸಿಗುತ್ತದೆ.

ಕಾರು ಮುಂದೆ ಹೋಗುವುದು ಟೈರು ರಸ್ತೆಯನ್ನು ಹಿಂದಕ್ಕೆ ತಳ್ಳುವುದರಿಂದ. ಒಂದು ಟೈರು ಎಷ್ಟು ಬಲವಾಗಿ ತಳ್ಳಬಹುದು ಎಂಬುದಕ್ಕೆ ಮಿತಿ ಇದೆ. ಅದರ ಮೇಲೆ ಬಿದ್ದಿರುವ ಭಾರ ಮತ್ತು ರಸ್ತೆಯ ಹಿಡಿತ, ಇವೆರಡೂ ಸೇರಿ ಆ ಮಿತಿಯನ್ನು ತೀರ್ಮಾನಿಸುತ್ತವೆ. ಒಂದು ಚಿಕ್ಕ ಕಾರು ತೆಗೆದುಕೊಳ್ಳಿ. ಮುಂದಿನ ಚಕ್ರಗಳಿಂದ ಓಡುವ ಕಾರು, ಒಂದೊಂದು ಮುಂದಿನ ಚಕ್ರದ ಮೇಲೆ ಸುಮಾರು 350 ಕೆ.ಜಿ. ಭಾರ. ಒಣ ಡಾಂಬರಿನ ಮೇಲೆ ಆ ಟೈರು ಹೆಚ್ಚುಕಡಿಮೆ 3,100 ನ್ಯೂಟನ್ ಬಲ ಹಾಕಬಲ್ಲದು. ಚೆನ್ನಾಗಿ ಒದ್ದೆಯಾದ ರಸ್ತೆಯಲ್ಲಿ ಅದು 1,700ಕ್ಕೆ ಇಳಿಯಬಹುದು. ಮಂಜುಗಡ್ಡೆಯ ಮೇಲಾದರೆ 350 ಸಿಕ್ಕರೂ ಹೆಚ್ಚು.

ಈಗ ಎಂಜಿನ್ ಕಡೆ ನೋಡಿ. ಅದರ ಗರಿಷ್ಠ ಟಾರ್ಕ್, ಅಂದರೆ ತಿರುಗಿಸುವ ಬಲ, 110 ನ್ಯೂಟನ್-ಮೀಟರ್ ಎಂದುಕೊಳ್ಳೋಣ. ಮೊದಲ ಗೇರಿನಲ್ಲಿ ಗೇರ್‌ಬಾಕ್ಸ್ ಮತ್ತು ಡಿಫರೆನ್ಷಿಯಲ್ (ಎಡ ಬಲ ಚಕ್ರಗಳಿಗೆ ಟಾರ್ಕ್ ಹಂಚುವ ಗೇರುಗಳ ಜೋಡಣೆ) ಸೇರಿ ಅದನ್ನು ಸುಮಾರು 15 ಪಟ್ಟು ಮಾಡುತ್ತವೆ. ಅಂದರೆ 1,650. ಚಕ್ರದ ನಡುವಿನಿಂದ ರಸ್ತೆಗೆ 30 ಸೆಂ.ಮೀ. ದೂರ. 1,650ನ್ನು 0.3 ಮೀಟರಿನಿಂದ ಭಾಗಿಸಿದರೆ ಎರಡೂ ಚಕ್ರ ಸೇರಿ 5,500 ನ್ಯೂಟನ್, ಒಂದೊಂದಕ್ಕೆ 2,750. ಒಣ ರಸ್ತೆಯಲ್ಲಿ ಇದು ಮಿತಿಯೊಳಗೆ ಕೂರುತ್ತದೆ. ಒದ್ದೆ ರಸ್ತೆಯಲ್ಲಿ ಮಿತಿ 1,700 ಮಾತ್ರ, ಬರುತ್ತಿರುವುದು 2,750. ಉಳಿದ ಸಾವಿರ ನ್ಯೂಟನ್ ಎಲ್ಲಿಗೆ ಹೋಗಬೇಕು? ಚಕ್ರವನ್ನು ಸುಮ್ನೆ ನಿಂತಲ್ಲೇ ಗಿರ್ರನೆ ಸುತ್ತಿಸಲು ಹೋಗುತ್ತದೆ, ಅಷ್ಟೇ. ಏರಿನಲ್ಲಿ ಕಾರಿನ ಭಾರ ಹಿಂದಕ್ಕೆ ವಾಲುವುದರಿಂದ ಮುಂದಿನ ಚಕ್ರಗಳ ಮಿತಿ ಇನ್ನೂ ಇಳಿಯುತ್ತದೆ. ನಿಮಗೆ ಏರಿನಲ್ಲೇ ದೀಪ ಜಾಸ್ತಿ ಕಾಣುವುದು ಇದೇ ಕಾರಣಕ್ಕೆ.

ಚಕ್ರ ಸ್ವಲ್ಪವೂ ಜಾರದೆ ಉರುಳಬೇಕು ಎಂದು ಹಲವರು ಅಂದುಕೊಂಡಿದ್ದಾರೆ. ನಿಜ ಹಾಗಿಲ್ಲ. ರಬ್ಬರು ಎಳೆತಕ್ಕೆ ಸಿಕ್ಕಿ ಹಿಗ್ಗುತ್ತದೆ. ಹಾಗಾಗಿ ತಳ್ಳುವ ಟೈರು ಯಾವಾಗಲೂ ಕಾರಿಗಿಂತ ತುಸು ಜಾಸ್ತಿ ವೇಗದಲ್ಲಿ ತಿರುಗುತ್ತಿರುತ್ತದೆ. ಕಾರು ಗಂಟೆಗೆ 20 ಕಿ.ಮೀ. ವೇಗದಲ್ಲಿದ್ದು, ಚಕ್ರ 23 ಕಿ.ಮೀ. ವೇಗಕ್ಕೆ ತಕ್ಕಂತೆ ತಿರುಗುತ್ತಿದ್ದರೆ ಜಾರಿಕೆ 23ರಲ್ಲಿ 3, ಅಂದರೆ ಶೇ. 13. ಡಾಂಬರು ರಸ್ತೆಯಲ್ಲಿ ಟೈರಿನ ಹಿಡಿತ ಅತಿ ಹೆಚ್ಚಾಗಿರುವುದು ಈ ಆಸುಪಾಸಿನಲ್ಲೇ, ಸಾಮಾನ್ಯವಾಗಿ ಶೇ. 10ರಿಂದ 20ರೊಳಗೆ. ಅದನ್ನು ದಾಟಿದರೆ ಹಿಡಿತ ಇಳಿಯತೊಡಗುತ್ತದೆ. ಹಿಡಿತ ಇಳಿದರೆ ಚಕ್ರ ಇನ್ನಷ್ಟು ಬೇಗ ಸುತ್ತುತ್ತದೆ, ಬೇಗ ಸುತ್ತಿದರೆ ಹಿಡಿತ ಮತ್ತೂ ಇಳಿಯುತ್ತದೆ. ಕ್ಷಣಮಾತ್ರದಲ್ಲಿ ಕೈಮೀರುವ ಆಟ ಇದು.

ಇನ್ನೂ ದೊಡ್ಡ ಅಪಾಯ ಬೇರೆ ಇದೆ. ಟೈರಿಗೆ ಇರುವುದು ಒಂದೇ ಹಿಡಿತ. ಮುಂದಕ್ಕೆ ತಳ್ಳಲೂ ಅದೇ, ತಿರುವಿನಲ್ಲಿ ಕಾರನ್ನು ಪಕ್ಕಕ್ಕೆ ಜಾರದಂತೆ ಹಿಡಿಯಲೂ ಅದೇ. ಗಿರ್ರನೆ ಸುತ್ತುವ ಚಕ್ರದಲ್ಲಿ ಪಕ್ಕದ ಹಿಡಿತ ಹೆಚ್ಚೇನೂ ಉಳಿಯುವುದಿಲ್ಲ. ಮುಂದಿನ ಚಕ್ರಗಳು ಹೀಗೆ ಸುತ್ತಿದರೆ ಸ್ಟೇರಿಂಗ್ ತಿರುಗಿಸಿದರೂ ಕಾರು ನೇರ ಹೋಗುತ್ತದೆ. ಹಿಂದಿನ ಚಕ್ರಗಳು ಸುತ್ತಿದರೆ ಕಾರಿನ ಹಿಂಭಾಗ ಹೊರಕ್ಕೆ ತಿರುಗಿಬಿಡುತ್ತದೆ. ಪಿಕಪ್ ಮಾತು ಬದಿಗಿಡಿ, ನನ್ನ ಮಟ್ಟಿಗೆ ಟ್ರಾಕ್ಷನ್ ಕಂಟ್ರೋಲ್ ಬೇಕಾಗಿರುವುದು ಮುಖ್ಯವಾಗಿ ಇದಕ್ಕೆ.

ಈಗ ಒಳಗಿನ ಕೆಲಸಕ್ಕೆ ಬರೋಣ. ಪ್ರತಿ ಚಕ್ರದ ಹಬ್ ಬಳಿ ಒಂದು ಹಲ್ಲಿನ ಉಂಗುರ, ಅದರ ಎದುರು ಒಂದು ಸೆನ್ಸರ್ ಇರುತ್ತದೆ. ಎಷ್ಟೋ ಕಾರುಗಳಲ್ಲಿ ಹಲ್ಲಿನ ಬದಲು ಬೇರಿಂಗ್ ಸೀಲಿನಲ್ಲೇ ಅಯಸ್ಕಾಂತದ ಪಟ್ಟಿಗಳಿರುತ್ತವೆ. ಒಂದೊಂದು ಹಲ್ಲು ಸೆನ್ಸರ್ ಮುಂದೆ ಹಾದಾಗಲೂ ಒಂದು ವಿದ್ಯುತ್ ಮಿಡಿತ ಹುಟ್ಟುತ್ತದೆ. ಟೈರಿನ ಸುತ್ತಳತೆ 2 ಮೀಟರ್, ಉಂಗುರಕ್ಕೆ 48 ಹಲ್ಲು ಎಂದುಕೊಳ್ಳಿ. ಗಂಟೆಗೆ 36 ಕಿ.ಮೀ. ವೇಗದಲ್ಲಿ ಚಕ್ರ ಸೆಕೆಂಡಿಗೆ 5 ಸುತ್ತು ಸುತ್ತುತ್ತದೆ, ಕಂಪ್ಯೂಟರಿಗೆ ಸೆಕೆಂಡಿಗೆ 240 ಮಿಡಿತ ತಲುಪುತ್ತವೆ. ಚಕ್ರ ಒಂದು ಪೂರ್ತಿ ಸುತ್ತು ಮುಗಿಸುವ ಮುಂಚೆಯೇ ಅದು ಜಾರತೊಡಗಿದ್ದು ಗೊತ್ತಾಗಿಬಿಡುತ್ತದೆ. ನಿಮ್ಮ ಕಾಲು ಅದನ್ನು ಅರಿತು ಆಕ್ಸಿಲರೇಟರಿನಿಂದ ಏಳುವಷ್ಟರಲ್ಲಿ ಈ ಕೆಲಸ ಮುಗಿದಿರುತ್ತದೆ.

ಚಕ್ರದ ವೇಗ ಗೊತ್ತಾಯಿತು. ಕಾರಿನ ನಿಜವಾದ ವೇಗ ಗೊತ್ತಾಗುವುದು ಹೇಗೆ? ಮುಂದಿನ ಚಕ್ರಗಳು ಎಳೆಯುವ ಕಾರಿನಲ್ಲಿ ಇದು ಸುಲಭ. ಹಿಂದಿನ ಚಕ್ರಗಳಿಗೆ ಎಂಜಿನ್ ಸಂಬಂಧವೇ ಇಲ್ಲ, ಅವು ಸುಮ್ಮನೆ ಉರುಳುತ್ತವೆ. ಅವುಗಳ ವೇಗವೇ ಕಾರಿನ ವೇಗ. ನಾಲ್ಕೂ ಚಕ್ರಗಳಿಗೆ ಶಕ್ತಿ ಹೋಗುವ ಕಾರಿನಲ್ಲಿ ಮಾತ್ರ ಇದು ಕಷ್ಟದ ಲೆಕ್ಕ. ನಾಲ್ಕೂ ಒಟ್ಟಿಗೆ ಜಾರಬಹುದು, ಅಲ್ವಾ? ಅಲ್ಲಿ ಕಾರು ನಿಜಕ್ಕೂ ಎಷ್ಟು ಮುಂದೊತ್ತುತ್ತಿದೆ ಎಂದು ಅಳೆಯುವ ಇನ್ನೊಂದು ಸೆನ್ಸರಿನ ನೆರವು ಬೇಕಾಗುತ್ತದೆ. ತಿರುವಿನಲ್ಲಿ ಹೊರಗಿನ ಚಕ್ರ ಒಳಗಿನದಕ್ಕಿಂತ ಹೆಚ್ಚು ದೂರ ಓಡುತ್ತದೆ. ಅದನ್ನು ಜಾರಿಕೆ ಎಂದು ತಪ್ಪು ತಿಳಿಯದಿರಲು ಸ್ಟೇರಿಂಗ್ ಎಷ್ಟು ತಿರುಗಿದೆ ಎಂಬ ಮಾಹಿತಿಯನ್ನೂ ಕಂಪ್ಯೂಟರ್ ನೋಡಿಕೊಳ್ಳುತ್ತದೆ.

ಜಾರಿಕೆ ಮಿತಿ ದಾಟಿದರೆ ಕಂಪ್ಯೂಟರಿನ ಕೈಯಲ್ಲಿ ಎರಡು ದಾರಿ ಇವೆ. ಒಂದು ಎಂಜಿನ್ ತಗ್ಗಿಸುವುದು, ಇನ್ನೊಂದು ಬ್ರೇಕ್ ಹಿಡಿಯುವುದು.

ಎಂಜಿನ್ ತಗ್ಗಿಸುವುದರಲ್ಲೂ ವೇಗದ ದಾರಿ, ನಿಧಾನದ ದಾರಿ ಎಂದಿದೆ. ಪೆಟ್ರೋಲ್ ಎಂಜಿನಿನಲ್ಲಿ ಎಲ್ಲಕ್ಕಿಂತ ಬೇಗ ಆಗುವುದು ಸ್ಪಾರ್ಕನ್ನು ತಡವಾಗಿ ಕೊಡುವುದು. ಮುಂದಿನ ಉರಿಯುವಿಕೆಯಲ್ಲೇ ಟಾರ್ಕ್ ಬೀಳುತ್ತದೆ. ಒಂದೆರಡು ಸಿಲಿಂಡರಿಗೆ ಇಂಧನ ನಿಲ್ಲಿಸುವುದೂ ಹಾಗೆಯೇ ಬೇಗ ನಡೆಯುತ್ತದೆ. ಥ್ರಾಟಲ್, ಅಂದರೆ ಎಂಜಿನಿಗೆ ಗಾಳಿ ಬಿಡುವ ಬಾಗಿಲು, ಮುಚ್ಚುವುದು ನಿಧಾನ, ಏಕೆಂದರೆ ಥ್ರಾಟಲ್ ಮುಚ್ಚಿದರೂ ಅದರಾಚೆ ಪೈಪಿನಲ್ಲಿ ಉಳಿದ ಗಾಳಿ ಖಾಲಿಯಾಗಬೇಕು. ಹಾಗಾಗಿ ಮೊದಲ ಪೆಟ್ಟು ಸ್ಪಾರ್ಕಿನಿಂದ, ಮುಂದಿನ ಹದ ಥ್ರಾಟಲಿನಿಂದ. ಇಂದಿನ ಕಾರುಗಳಲ್ಲಿ ಪೆಡಲಿಗೂ ಥ್ರಾಟಲಿಗೂ ನಡುವೆ ಕೇಬಲ್ ಇಲ್ಲ, ತಂತಿಯಲ್ಲಿ ಸಂದೇಶ ಮಾತ್ರ ಹೋಗುತ್ತದೆ. ನೀವು ಪೆಡಲ್ ಪೂರ್ತಿ ಒತ್ತಿದ್ದರೂ ಥ್ರಾಟಲ್ ಅರ್ಧ ಮುಚ್ಚಲು ಸಾಧ್ಯವಾಗುವುದು ಇದರಿಂದಲೇ. ನಿಮಗೆ ಸಪ್ಪೆ ಅನಿಸಿದ್ದೂ ಇದೇ. ವಿದ್ಯುತ್ ಕಾರುಗಳಲ್ಲಿ ಗಾಳಿಯೂ ಇಲ್ಲ, ಉರಿಯುವಿಕೆಯೂ ಇಲ್ಲ. ಮೋಟಾರಿನ ಟಾರ್ಕನ್ನು ಕೆಲವೇ ಮಿಲಿಸೆಕೆಂಡುಗಳಲ್ಲಿ ಬದಲಿಸಬಹುದು. ಅಲ್ಲಿ ಟ್ರಾಕ್ಷನ್ ಕಂಟ್ರೋಲ್ ಎಷ್ಟು ನಯವಾಗಿ ಕೆಲಸ ಮಾಡುತ್ತದೆಂದರೆ, ಬಹಳ ಸಲ ದೀಪ ನೋಡದಿದ್ದರೆ ಗೊತ್ತೇ ಆಗುವುದಿಲ್ಲ.

ಬ್ರೇಕಿನ ದಾರಿ ನನಗೆ ತುಂಬಾ ಇಷ್ಟ. ಅದರ ಜಾಣತನ ತಿಳಿಯಬೇಕಾದರೆ ಡಿಫರೆನ್ಷಿಯಲ್ ಬಗ್ಗೆ ಒಂದು ಸಂಗತಿ ಗೊತ್ತಿರಬೇಕು. ಸಾಮಾನ್ಯ ಡಿಫರೆನ್ಷಿಯಲ್ ಎಡ ಬಲ ಎರಡೂ ಚಕ್ರಗಳಿಗೆ ಸಮನಾದ ಟಾರ್ಕ್ ಕೊಡುತ್ತದೆ. ನ್ಯಾಯವಾದ ಹಂಚಿಕೆ ಅನಿಸುತ್ತದೆ. ಆದರೆ ಒಂದು ಚಕ್ರ ಎಣ್ಣೆ ಚೆಲ್ಲಿದ ಜಾಗದಲ್ಲೋ ಕೆಸರಿನಲ್ಲೋ ಇದ್ದರೆ ಇದೇ ನ್ಯಾಯ ಮುಳುವಾಗುತ್ತದೆ. ಆ ಚಕ್ರ ರಸ್ತೆಗೆ 300 ನ್ಯೂಟನ್ ಮಾತ್ರ ಕೊಡಬಲ್ಲದು ಎಂದುಕೊಳ್ಳಿ. ಇನ್ನೊಂದು ಚಕ್ರ ಒಣ ಜಾಗದಲ್ಲಿದ್ದು 3,000 ಕೊಡಬಲ್ಲದು. ಆದರೂ ಅದಕ್ಕೆ ಸಿಗುವುದು ಅದೇ 300. ಒಟ್ಟು 600. 1,100 ಕೆ.ಜಿ. ತೂಕದ ಕಾರನ್ನು 10 ಮೀಟರಿಗೆ 1 ಮೀಟರ್ ಏರುವ ರಸ್ತೆ ಹಿಂದಕ್ಕೆ ಎಳೆಯುವ ಬಲ ಸುಮಾರು 1,080 ನ್ಯೂಟನ್. ಒಂದು ಚಕ್ರ ಗಿರಗಿರ ಸುತ್ತುತ್ತದೆ, ಇನ್ನೊಂದು ಅಲುಗುವುದಿಲ್ಲ, ಕಾರು ಏರುವುದಿಲ್ಲ.

ಈಗ ಕಂಪ್ಯೂಟರ್ ಆ ಸುತ್ತುವ ಚಕ್ರಕ್ಕೆ ಮಾತ್ರ ಬ್ರೇಕ್ ಹಾಕುತ್ತದೆ. 700 ನ್ಯೂಟನ್‌ಗೆ ಸಮನಾದಷ್ಟು. ಡಿಫರೆನ್ಷಿಯಲಿಗೆ ರಸ್ತೆ ಯಾವುದು, ಬ್ರೇಕ್ ಯಾವುದು ಎಂದು ಗೊತ್ತಾಗುವುದಿಲ್ಲ. ಈ ಕಡೆ 1,000 ನ್ಯೂಟನ್ ತಡೆ ಇದೆ ಎಂದಷ್ಟೇ ಗೊತ್ತು. ಹಾಗಾಗಿ ಆ ಕಡೆಗೂ 1,000 ಕಳಿಸುತ್ತದೆ. ಒಣ ಜಾಗದ ಚಕ್ರ ಅಷ್ಟನ್ನೂ ರಸ್ತೆಗೆ ಹಾಕುತ್ತದೆ. ಈ ಕಡೆಯ 300 ಸೇರಿ ಒಟ್ಟು 1,300. ಕಾರು ಏರಿತು! ಮುಂದೆ ಹೋಗಲು ಬ್ರೇಕ್ ಹಿಡಿಯುವುದು ಎಂದರೆ ಕೇಳಲು ವಿಚಿತ್ರ, ಆದರೆ ಲೆಕ್ಕ ಪಕ್ಕಾ.

ಇದಕ್ಕೆ ಬೆಲೆಯೂ ಇದೆ. 1,300 ಸಿಗಬೇಕಾದರೆ ಎಂಜಿನ್ 2,000 ಕೊಡಬೇಕು. ಉಳಿದ 700 ಬ್ರೇಕ್ ಡಿಸ್ಕಿನಲ್ಲಿ ಬಿಸಿಯಾಗಿ ಹೋಗುತ್ತದೆ. ಕಂಪ್ಯೂಟರ್ ಡಿಸ್ಕಿನ ಬಿಸಿಯನ್ನು ಅಂದಾಜಿನಲ್ಲಿ ಲೆಕ್ಕ ಹಾಕುತ್ತಾ ಇರುತ್ತದೆ. ಜಾಸ್ತಿಯಾದರೆ ಬ್ರೇಕಿನ ಕೆಲಸ ನಿಲ್ಲಿಸಿ ಎಂಜಿನ್ ಮಾತ್ರ ತಗ್ಗಿಸುತ್ತದೆ. ಕೆಸರಿನಲ್ಲಿ ತುಂಬಾ ಹೊತ್ತು ಹೆಣಗಾಡಿದ ಮೇಲೆ ಮೊದಲಿನಷ್ಟು ಎಳೆತ ಸಿಗಲಿಲ್ಲ ಎಂದರೆ ಕಾರಣ ಇದಿರಬಹುದು. ಸ್ವಲ್ಪ ಹೊತ್ತು ಆರಲು ಬಿಡಿ.

ನೀವು ಕೇಳಿದ ಗರಗರ ಸದ್ದು ಈ ಬ್ರೇಕಿನದೇ. ನಿಮ್ಮ ಕಾಲು ಬ್ರೇಕ್ ಪೆಡಲ್ ಮೇಲಿಲ್ಲ. ಹಾಗಾದರೆ ಬ್ರೇಕ್ ಎಣ್ಣೆಗೆ ಒತ್ತಡ ಎಲ್ಲಿಂದ ಬರಬೇಕು? ಎಬಿಎಸ್ ಪೆಟ್ಟಿಗೆಯಲ್ಲಿರುವ ಪಂಪಿನಿಂದ. ಅದು ಓಡುವಾಗ, ವಾಲ್ವುಗಳು ಬಡಬಡ ತೆರೆದು ಮುಚ್ಚುವಾಗ ಆ ಸದ್ದು ಬರುತ್ತದೆ.

ಎಬಿಎಸ್ ಜೊತೆಗಿನ ಸಂಬಂಧವೂ ಇಲ್ಲೇ ತಿಳಿಯುತ್ತದೆ. ಬ್ರೇಕ್ ಒತ್ತಿದಾಗ ಚಕ್ರ ಸಿಕ್ಕಿಹಾಕಿಕೊಂಡು ಜಾರದಂತೆ ನೋಡುವುದು ಎಬಿಎಸ್. ಆಕ್ಸಿಲರೇಟರ್ ಒತ್ತಿದಾಗ ಚಕ್ರ ಗಿರ್ರನೆ ಸುತ್ತಿ ಜಾರದಂತೆ ನೋಡುವುದು ಟ್ರಾಕ್ಷನ್ ಕಂಟ್ರೋಲ್. ಸೆನ್ಸರ್ ಅವೇ, ಪಂಪ್ ಅದೇ. ಬರೀ ಎಬಿಎಸ್ ಇರುವ ಪೆಟ್ಟಿಗೆಯಲ್ಲಿ ಸಾಮಾನ್ಯವಾಗಿ ಚಕ್ರಕ್ಕೆ ಎರಡರಂತೆ 8 ವಾಲ್ವು ಇರುತ್ತವೆ. ಕಾಲಿನ ಸಹಾಯ ಇಲ್ಲದೆ ಯಾವ ಚಕ್ರಕ್ಕೆ ಬೇಕಾದರೂ ಬ್ರೇಕ್ ಹಾಕುವ ಪೆಟ್ಟಿಗೆಗೆ 12 ಬೇಕು. ಆ ಹೆಚ್ಚಿನ ನಾಲ್ಕು ವಾಲ್ವುಗಳಿಗೆ ಇಡೀ ಕಾರಿನ ತಿರುಗುವಿಕೆ ಅಳೆಯುವ ಸೆನ್ಸರ್ ಸೇರಿಸಿದರೆ ಇಎಸ್‌ಸಿ, ಅಂದರೆ ಇಡೀ ಕಾರು ದಿಕ್ಕು ತಪ್ಪದಂತೆ ಹಿಡಿಯುವ ವ್ಯವಸ್ಥೆ ಆಗುತ್ತದೆ. ಇವು ಕಾರುಗಳಿಗೆ ಬಂದದ್ದೂ ಇದೇ ಸರದಿಯಲ್ಲಿ. ಬಾಷ್ ಕಂಪನಿಯ ಎಲೆಕ್ಟ್ರಾನಿಕ್ ಎಬಿಎಸ್ 1978ರಲ್ಲಿ ಮರ್ಸಿಡಿಸ್ ಎಸ್-ಕ್ಲಾಸ್‌ಗೆ ಬಂತು. ಅದರ ಮೇಲೆ ಕಟ್ಟಿದ ಟ್ರಾಕ್ಷನ್ ಕಂಟ್ರೋಲ್ 1980ರ ದಶಕದ ದ್ವಿತೀಯಾರ್ಧದಲ್ಲಿ ಬಂತು, ದಿಕ್ಕು ಹಿಡಿಯುವ ವ್ಯವಸ್ಥೆ 1995ರಲ್ಲಿ. ಇದಕ್ಕೂ ಮೊದಲು, 1971ರಲ್ಲೇ, ಅಮೆರಿಕದ ಬ್ಯೂಕ್ ಕಂಪನಿ ಮ್ಯಾಕ್ಸ್‌ಟ್ರಾಕ್ ಎಂಬ ವ್ಯವಸ್ಥೆ ಕೊಟ್ಟಿತ್ತು. ಹಿಂದಿನ ಚಕ್ರಗಳು ಮುಂದಿನವಕ್ಕಿಂತ ಜೋರಾಗಿ ತಿರುಗಿದರೆ ಎಂಜಿನಿನ ಸ್ಪಾರ್ಕ್ ಕಡಿದು ಕಡಿದು ಕೊಡುತ್ತಿತ್ತು. ಆ ಕಾಲಕ್ಕೆ ನಿಜಕ್ಕೂ ಮುಂದಾಲೋಚನೆಯ ಕೆಲಸ.

ಈಗ ನಿಮ್ಮ ಗೆಳೆಯರ ಮಾತು. ಆಫ್ ಮಾಡಿದರೆ ಎಂಜಿನ್ ಸದ್ದು ಜೋರಾಗುತ್ತದೆ, ಆರ್‌ಪಿಎಂ ಮುಳ್ಳು ಮೇಲೇಳುತ್ತದೆ, ಟೈರು ಕಿರುಚುತ್ತದೆ. ಹಾಗಾಗಿ ಪಿಕಪ್ ಬಂತು ಅನಿಸುತ್ತದೆ. ಒದ್ದೆ ರಸ್ತೆಯಲ್ಲಿ ಕಾರು ಮಾತ್ರ ಬೇಗ ಮುಂದೆ ಹೋಗಿರುವುದಿಲ್ಲ. ಫಾರ್ಮುಲಾ ಒನ್ ರೇಸನ್ನೇ ನೋಡಿ. ಅಲ್ಲಿ 1994ರಲ್ಲಿ ಟ್ರಾಕ್ಷನ್ ಕಂಟ್ರೋಲ್ ನಿಷೇಧಿಸಿದರು, 2001ರಲ್ಲಿ ಮತ್ತೆ ಬಿಟ್ಟರು, 2008ರಿಂದ ಪುನಃ ನಿಷೇಧಿಸಿದರು. ಪಿಕಪ್ ಕಡಿಮೆ ಮಾಡುವ ಸಾಧನವಾಗಿದ್ದರೆ ಯಾವ ತಂಡವೂ ಅದನ್ನು ಹಾಕಿಕೊಳ್ಳುತ್ತಿರಲಿಲ್ಲ, ನಿಷೇಧಿಸುವ ಅಗತ್ಯವೇ ಬರುತ್ತಿರಲಿಲ್ಲ. ಜಗತ್ತಿನ ಅತ್ಯುತ್ತಮ ಚಾಲಕರ ಕಾಲಿಗೂ ಅದು ನೆರವಾಗುತ್ತಿತ್ತು, ಚಾಲಕರ ಕೌಶಲಕ್ಕೆ ಬೆಲೆ ಉಳಿಯಲಿ ಎಂದೇ ಅದನ್ನು ತೆಗೆದರು.

ಆದರೆ ಆಫ್ ಬಟನ್ ಕೊಟ್ಟಿರುವುದಕ್ಕೂ ಕಾರಣವಿದೆ. ಸಡಿಲ ಮರಳು, ಆಳವಾದ ಕೆಸರು, ದಪ್ಪ ಹಿಮ, ಇವುಗಳಲ್ಲಿ ಡಾಂಬರಿನ ಲೆಕ್ಕ ನಡೆಯುವುದಿಲ್ಲ. ಅಲ್ಲಿ ಟೈರು ಸಾಕಷ್ಟು ಜಾರಿದಾಗಲೇ ಜಾಸ್ತಿ ಬಲ ಸಿಗುತ್ತದೆ. ಸುತ್ತುವ ಟೈರು ತನ್ನ ಗೀರುಗಳಲ್ಲಿ ತುಂಬಿದ ಕೆಸರನ್ನು ಎಸೆದು ಹೊಸ ಹಿಡಿತ ಹುಡುಕುತ್ತದೆ, ಮೇಲಿನ ಸಡಿಲ ಪದರ ಕೆರೆದು ಗಟ್ಟಿ ನೆಲ ಮುಟ್ಟುತ್ತದೆ. ಅಂಥ ಕಡೆ ಕಂಪ್ಯೂಟರ್ ಎಂಜಿನ್ ತಗ್ಗಿಸಿದರೆ ಕಾರಿನ ಓಟವೇ ಸತ್ತುಹೋಗಿ ಹೂತುಕೊಳ್ಳುತ್ತದೆ. ಹೂತ ಕಾರನ್ನು ಹಿಂದೆ ಮುಂದೆ ತೂಗಾಡಿಸಿ ಹೊರತೆಗೆಯುವಾಗಲೂ, ಟೈರಿಗೆ ಹಿಮದ ಚೈನ್ ಕಟ್ಟಿದಾಗಲೂ ಆಫ್ ಮಾಡುವುದು ಸರಿ. ಗಟ್ಟಿ ರಸ್ತೆಗೆ ಬಂದ ಕೂಡಲೇ ಆನ್ ಮಾಡಿ. ಬಹಳಷ್ಟು ಕಾರುಗಳಲ್ಲಿ ಎಂಜಿನ್ ನಿಲ್ಲಿಸಿ ಮತ್ತೆ ಸ್ಟಾರ್ಟ್ ಮಾಡಿದರೆ ತಾನಾಗಿಯೇ ಆನ್ ಆಗುತ್ತದೆ. ಕೆಲವು ಕಾರುಗಳಲ್ಲಿ ಆ ಬಟನ್ ಎಂಜಿನ್ ತಗ್ಗಿಸುವುದನ್ನು ಮಾತ್ರ ನಿಲ್ಲಿಸಿ, ಬ್ರೇಕಿನ ಭಾಗವನ್ನು ಉಳಿಸಿಕೊಳ್ಳುತ್ತದೆ. ನಿಮ್ಮ ಕಾರಿನದು ಹೇಗೆ ಎಂದು ಜೊತೆಗೆ ಕೊಟ್ಟ ಪುಸ್ತಕದಲ್ಲಿ ನೋಡಿಕೊಳ್ಳಿ. ಮಳೆಯ ಡಾಂಬರು ರಸ್ತೆಯಲ್ಲಿ, ನಿಮ್ಮ ಏರಿನಲ್ಲಿ, ಆಫ್ ಮಾಡಬೇಡಿ.

ಹಾಗಾದರೆ ದೀಪ ಮಿನುಗಿದಾಗ ಏನು ಮಾಡಬೇಕು? ಎರಡೂ ಚಕ್ರ ಜಾರುತ್ತಿದ್ದರೆ ಪೆಡಲನ್ನು ಸ್ವಲ್ಪ ಸಡಿಲಿಸಿ, ಪೂರ್ತಿ ಬಿಡಬೇಡಿ. ಗೇರ್ ನೀವೇ ಬದಲಿಸುವ ಕಾರಾದರೆ, ಸಮತಟ್ಟಾದ ಜಾರು ರಸ್ತೆಯಲ್ಲಿ ಎರಡನೇ ಗೇರಿನಲ್ಲಿ ಹೊರಡುವುದೂ ಒಳ್ಳೆಯದು, ಚಕ್ರಕ್ಕೆ ಹೋಗುವ ಟಾರ್ಕ್ ಮೊದಲೇ ಕಮ್ಮಿ ಇರುತ್ತದೆ. ಆದರೆ ಒಂದು ಚಕ್ರ ಮಾತ್ರ ಜಾರು ಜಾಗದಲ್ಲಿ ಸಿಕ್ಕಿದ್ದರೆ ಕಾಲು ತೆಗೆಯಬೇಡಿ. ಮೇಲಿನ ಲೆಕ್ಕ ನೆನಪಿಸಿಕೊಳ್ಳಿ: ಬ್ರೇಕ್ ಎಷ್ಟೇ ಹಿಡಿದರೂ, ಆ ಕಡೆಗೆ ಕಳಿಸಲು ಎಂಜಿನಿನಿಂದ ಟಾರ್ಕ್ ಬರಬೇಕಲ್ಲ. ಪೆಡಲನ್ನು ಒಂದೇ ಸಮನಾಗಿ ಒತ್ತಿ ಹಿಡಿದು ಒಂದೆರಡು ಸೆಕೆಂಡು ಕಾಯಿರಿ. ಗರಗರ ಸದ್ದಿಗೆ ಹೆದರಿ ಕಾಲು ತೆಗೆಯುವವರೇ ಹೆಚ್ಚು, ಅದಕ್ಕೇ ಕಾರು ಅಲ್ಲೇ ಉಳಿಯುತ್ತದೆ.

ಒಂದು ವಿಷಯದಲ್ಲಿ ಮಾತ್ರ ಈ ವ್ಯವಸ್ಥೆಯ ಮೇಲೆ ಭರವಸೆ ಇಡಬೇಡಿ. ಅದು ಹಿಡಿತವನ್ನು ಹುಟ್ಟಿಸುವುದಿಲ್ಲ, ಇರುವುದನ್ನು ಪೂರ್ತಿ ಬಳಸುತ್ತದೆ. ಗೀರು ಸವೆದ ಟೈರು ನೀರಿನ ಮೇಲೆ ತೇಲಿದರೆ ಬಳಸಲು ಹಿಡಿತವೇ ಇರುವುದಿಲ್ಲ. ವೇಗವಾಗಿ ತಿರುವಿಗೆ ನುಗ್ಗಿದರೆ, ಬ್ರೇಕ್ ತಡವಾಗಿ ಒತ್ತಿದರೆ ಟ್ರಾಕ್ಷನ್ ಕಂಟ್ರೋಲಿಗೆ ಅಲ್ಲಿ ಕೆಲಸವಿಲ್ಲ. ಒಣ ರಸ್ತೆಯಲ್ಲೂ ಸಣ್ಣ ಒತ್ತಿಗೇ ನಿಮ್ಮ ದೀಪ ಮಿನುಗತೊಡಗಿದರೆ ಮೊದಲು ಟೈರುಗಳನ್ನು ನೋಡಿ. ಸವೆದಿರಬಹುದು, ಗಾಳಿ ಕಡಿಮೆ ಇರಬಹುದು, ಅಥವಾ ಒಂದು ಟೈರು ಬೇರೆ ಅಳತೆಯದಾಗಿರಬಹುದು. ಸುತ್ತಳತೆ ಕಡಿಮೆ ಇರುವ ಟೈರು ಬೇಗ ತಿರುಗುತ್ತದೆ, ಕಂಪ್ಯೂಟರಿಗೆ ಅದು ಜಾರಿದಂತೆಯೇ ಕಾಣುತ್ತದೆ.

ಕೊನೆಗೆ, ಮಿನುಗುವ ದೀಪ ಬೇರೆ, ಬಿಡದೆ ಉರಿಯುವ ದೀಪ ಬೇರೆ. ನೀವು ಆಫ್ ಮಾಡದೆಯೂ ದೀಪ ಬಿಡದೆ ಉರಿದರೆ ಎಲ್ಲೋ ದೋಷವಿದೆ, ವ್ಯವಸ್ಥೆ ತಾನಾಗಿ ನಿಂತಿದೆ ಎಂದರ್ಥ. ಕಾರು ಓಡುತ್ತದೆ, ಮಾಮೂಲಿ ಬ್ರೇಕೂ ಹಿಡಿಯುತ್ತದೆ. ಜೊತೆಗೆ ಎಬಿಎಸ್ ದೀಪವೂ ಉರಿದರೆ ಚಕ್ರದ ಸೆನ್ಸರ್ ಮೇಲೆ ಮೊದಲ ಅನುಮಾನ. ಅದರ ತಂತಿ ತುಂಡಾಗಿರುವುದು, ಉಂಗುರ ಬಿರುಕು ಬಿಟ್ಟಿರುವುದು, ತುದಿಗೆ ಕಬ್ಬಿಣದ ಪುಡಿ ಅಂಟಿರುವುದು ಸಾಮಾನ್ಯ. ಚಕ್ರದ ಬೇರಿಂಗ್ ಬದಲಿಸಿದ ಮೇಲೆ ದೀಪ ಬಂದಿದ್ದರೆ, ಅಯಸ್ಕಾಂತದ ಪಟ್ಟಿ ಇರುವ ಮುಖ ತಿರುಗಾಮುರುಗಾ ಕೂತಿದೆಯೇ ಎಂದು ಮೆಕ್ಯಾನಿಕ್ ಅವರನ್ನು ಕೇಳಿ. ಬ್ಯಾಟರಿ ಬಿಚ್ಚಿ ಹಾಕಿದ ಮೇಲೆ ಬಂದಿದ್ದರೆ ಚಿಂತೆ ಕಡಿಮೆ. ಕೆಲವು ಕಾರುಗಳಲ್ಲಿ ಸ್ಟೇರಿಂಗ್ ಸೆನ್ಸರ್ ತನ್ನ ನಡುವಿನ ಗುರುತನ್ನು ಮರೆತಿರುತ್ತದೆ. ಎಂಜಿನ್ ಚಾಲೂ ಇಟ್ಟು ಸ್ಟೇರಿಂಗನ್ನು ಎಡಕ್ಕೆ ಪೂರ್ತಿ, ಬಲಕ್ಕೆ ಪೂರ್ತಿ ತಿರುಗಿಸಿ, ಸ್ವಲ್ಪ ದೂರ ನೇರವಾಗಿ ಓಡಿಸಿ ನೋಡಿ. ಆಗಲೂ ದೀಪ ಆರದಿದ್ದರೆ ಸ್ಕ್ಯಾನರ್ ಹಾಕಿ ಯಾವ ಚಕ್ರದ ದೋಷದ ಕೋಡ್ ಬರುತ್ತಿದೆ ಎಂದು ನೋಡಿಸಿ.